ಫ್ಯಾನಿನ ಮೂರನೇ ಕಾಲು

ಮೊದಲೇ ಹೇಳಿಬಿಡುತ್ತೇನೆ, ಟೇಬಲ್ ಫ್ಯಾನನ್ನು ನಾನು ಬೀಳಿಸಲಿಲ್ಲ. ಅದರ ವೈರು ನನ್ನ ಕಾಲಿಗೆ ಸಿಕ್ಕಿಕೊಂಡಿತು, ನಾನು ನನ್ನ ಪಾಡಿಗೆ ನಡೆದುಹೋದೆ, ಫ್ಯಾನು ತಾನಾಗಿಯೇ ನನ್ನ ಹಿಂದೆ ಹೊರಟು ಮೇಜಿನ ಅಂಚು ದಾಟಿತು. ನ್ಯಾಯವಾಗಿ ನೋಡಿದರೆ ತಪ್ಪು ಫ್ಯಾನಿನದೇ. ಆದರೆ ನಮ್ಮ ಮನೆಯ ಕೋರ್ಟಿನಲ್ಲಿ ಫಿರ್ಯಾದಿಯೂ ನನ್ನ ಹೆಂಡತಿಯೇ, ಜಡ್ಜೂ ಅವಳೇ. (ಸಾಕ್ಷಿ ನಮ್ಮಮ್ಮ. ಆಕೆ ಯಾರ ಕಡೆ ಎಂದು ಕೇಳಬೇಡಿ.)

ಬಿದ್ದ ಫ್ಯಾನಿಗೆ ಬೇರೇನೂ ಆಗಲಿಲ್ಲ. ರೆಕ್ಕೆ ತಿರುಗುತ್ತಿತ್ತು, ಗಾಳಿ ಬರುತ್ತಿತ್ತು. ಕೆಳಗಿನ ಮೂರು ಕಾಲುಗಳಲ್ಲಿ ಒಂದು ಮಾತ್ರ ಮುರಿದು ಕೈಗೆ ಬಂತು. ಹೊಸ ಫ್ಯಾನು ತಂದರಾಯಿತು ಎನ್ನಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ, ತೆರೆದ ಬಾಯಿಯನ್ನು ಆಕಳಿಕೆಗೆ ಬಳಸಿಕೊಂಡೆ. ಏಕೆಂದರೆ ಅದು ಮಾವನವರ ಫ್ಯಾನು. ಅವರು ದರ್ಜಿ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಪುಟ್ಟ ಮಗಳನ್ನು ಮಲಗಿಸಿ, ಈ ಫ್ಯಾನನ್ನು ಅವಳ ಕಡೆಗೆ ತಿರುಗಿಸಿ, ತಾವು ಬೆವರು ಒರೆಸಿಕೊಳ್ಳುತ್ತ ಹೊಲಿಯುತ್ತಿದ್ದರಂತೆ. ಅವರು ಹೋದ ಮೇಲೆ ಇವಳು ಅಂಗಡಿಯಿಂದ ಕೇಳಿ ತಂದದ್ದು ಇದೊಂದೇ. ಇವತ್ತಿಗೂ ಅದರ ಗೊರಗೊರ ಸದ್ದಿಲ್ಲದೆ ಅವಳಿಗೆ ನಿದ್ದೆ ಹತ್ತುವುದಿಲ್ಲ. (ನನ್ನ ಗೊರಕೆಗೆ ಈ ರಿಯಾಯಿತಿ ಇಲ್ಲ.)

"ಇದರ ಕಾಲು ಇನ್ನೆಲ್ಲೂ ಸಿಗಲ್ಲ ರೀ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ದನಿ ತಡೆಯಲಾಗಲಿಲ್ಲ.

"ಸಿಗದಿದ್ರೇನಂತೆ? ನಾನೇ ಹಿತ್ತಲಲ್ಲಿ ಎರಕ ಹೊಯ್ದು ಕೊಡ್ತೀನಿ!" ಎಂದುಬಿಟ್ಟೆ.

"ನೀವಾ? ಹಾಲು ಉಕ್ಕದ ಹಾಗೆ ನೋಡ್ಕೊಳಿ ಅಂದ್ರೆ ಆಗಲ್ಲ, ಲೋಹ ಕರಗಿಸ್ತೀರಾ?"

"ಹಾಲೇ ಬೇರೆ, ಲೋಹವೇ ಬೇರೆ."

"ಹೌದಮ್ಮ, ಹಾಲು ಚೆಲ್ಲಿದ್ರೆ ಒರೆಸಬಹುದು," ಎಂದರು ಅಮ್ಮ ಒಳಗಿನಿಂದ.

ವಿಧಾನ ಸುಲಭ. (ವಿಡಿಯೋದಲ್ಲಿ ಎಲ್ಲವೂ ಸುಲಭ.) ಮುರಿದ ಕಾಲನ್ನು ಒದ್ದೆ ಮರಳಿನಲ್ಲಿ ಒತ್ತಿ ತೆಗೆದರೆ ಅದರ ಅಚ್ಚು ಉಳಿಯುತ್ತದೆ, ಅದರೊಳಗೆ ಕರಗಿದ ಅಲ್ಯೂಮಿನಿಯಂ ಹೊಯ್ದರೆ ಹೊಸ ಕಾಲು ಸಿದ್ಧ. ಹೆಂಡತಿ ಆ ಮುರಿದ ಕಾಲನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, "ಮಿಕ್ಕಿದ್ದು ಏನಾದ್ರೂ ಮಾಡ್ಕೊಳಿ. ಇದೊಂದು ಮಾತ್ರ ಜೋಪಾನ," ಎಂದಳು.

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ ಕಣೇ," ಎಂದೆ. ಆ ಮಾತನ್ನು ನೆನೆದರೆ ಈಗ ನನಗೆ ನಾನೇ ಎರಡು ಬಿಗಿಯಬೇಕು ಅನ್ನಿಸುತ್ತದೆ.

ಅಲ್ಲಿಂದ ಶುರುವಾಯಿತು ನನ್ನ ಲೋಹಾನ್ವೇಷಣೆ. ಕೆಟ್ಟ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು ದಾರಕ್ಕೆ ಕಟ್ಟಿಕೊಂಡೆ. ಅಂಟಿದರೆ ಕಬ್ಬಿಣ, ಬೇಡ. ಅಂಟದೆ ಭಾರವಾಗಿದ್ದರೆ ಹಿತ್ತಾಳೆಯೋ ಸತುವೋ, ಅನುಮಾನ. ಅಂಟದೆ ಹಗುರವಾಗಿದ್ದು, ಅರದಿಂದ ಉಜ್ಜಿದಾಗ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಅದರಲ್ಲೂ ಜಾತಿಭೇದ ಉಂಟು. ಪಾನೀಯದ ಡಬ್ಬಿ ಕರಗಿಸಿದರೆ ಲೋಹಕ್ಕಿಂತ ಕಿಟ್ಟವೇ ಹೆಚ್ಚು. ಎರಕದಿಂದ ಹುಟ್ಟಿದ್ದೇ ಎರಕಕ್ಕೆ ಶ್ರೇಷ್ಠ. ಅದನ್ನು ಮುರಿದರೆ ಬಾಗದೆ ಪಟ್ಟನೆ ತುಂಡಾಗುತ್ತದೆ, ಮುರಿದ ಜಾಗದಲ್ಲಿ ಸಕ್ಕರೆಯಂಥ ಹರಳು ಕಾಣುತ್ತದೆ. ಇಷ್ಟು ತಿಳಿದುಕೊಂಡ ಮೇಲೆ ನಾನು ಮನುಷ್ಯರ ಮುಖ ನೋಡುವುದನ್ನೇ ಬಿಟ್ಟೆ. ಯಾರ ಮನೆಗೆ ಹೋದರೂ ಬಾಗಿಲ ಹಿಡಿಗೆ ಅಯಸ್ಕಾಂತ ಹಿಡಿದು, ಆಮೇಲೆ "ಚೆನ್ನಾಗಿದ್ದೀರಾ?" ಎಂದು ಕೇಳುತ್ತಿದ್ದೆ.

ಅಮ್ಮ ತಮ್ಮ ಪಾತ್ರೆಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ ಮೇಲೆ ಕಾವಲು ಕುಳಿತರು. "ನನ್ನ ಹಲ್ಲಿನ ಸೆಟ್ಟಿಗೂ ಒಂದ್ಸಲ ಹಿಡಿದು ನೋಡ್ಬಿಡಪ್ಪ, ಮನಸ್ಸಲ್ಲಿ ಯಾಕೆ ಇಟ್ಕೋತೀಯ?" ಎಂದರು. ಗುಜರಿಯವನು ಗೇಟಿನ ಬಳಿ ಕೂಗಿದರೆ ಹೆಂಡತಿ, "ಮುಂದೆ ಹೋಗಪ್ಪ, ನಮ್ಮನೇಲೇ ಒಬ್ರಿದ್ದಾರೆ," ಎಂದು ಕಳಿಸುತ್ತಿದ್ದಳು. ನಿಜ ಹೇಳಬೇಕೆಂದರೆ, ಆಗ ಅವಳು ನಗುತ್ತಿದ್ದಳು. ಫ್ಯಾನನ್ನು ಗೋಡೆಗೆ ಒರಗಿಸಿ, ನನಗೋಸ್ಕರ ಕಾಯುತ್ತಿದ್ದಳು.

ಹಿತ್ತಲಲ್ಲಿ ಮೂರು ಬುಟ್ಟಿ ಇಟ್ಟೆ. ಒಂದಕ್ಕೆ ಕಬ್ಬಿಣ, ಒಂದಕ್ಕೆ ಅನುಮಾನದ್ದು, ಮೂರನೆಯದಕ್ಕೆ ಉತ್ತಮೋತ್ತಮವಾದದ್ದು. ಮೆಕ್ಯಾನಿಕ್ ಕೊಟ್ಟ ಒಡೆದ ಪಿಸ್ಟನ್ನು, ಸ್ಕೂಟರಿನ ಎಂಜಿನ್ ಮುಚ್ಚಳ, ಮಿಕ್ಸಿಯ ಒಂದು ಬಿಲ್ಲೆ, ಎಲ್ಲ ಮೂರನೆಯದರಲ್ಲಿ. ಫ್ಯಾನಿನ ಕಾಲನ್ನು ಒಮ್ಮೆ ಅಭ್ಯಾಸಕ್ಕೆಂದು ಮರಳಿಗೆ ಒತ್ತಿ ನೋಡಿದೆ. ಮರಳು ಒಣಗಿದ್ದರಿಂದ ಅಚ್ಚು ಕುಸಿಯಿತು. ಸುತ್ತಿದ್ದ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಕಾಲು ಎಲ್ಲಿಡುವುದೆಂದು ಯೋಚಿಸಿದೆ. ಜೋಪಾನ ಎಂದಿದ್ದಳಲ್ಲ? ಇದ್ದುದರಲ್ಲಿ ಅತ್ಯಂತ ಜೋಪಾನದ ಜಾಗ ಉತ್ತಮೋತ್ತಮ ಬುಟ್ಟಿ. ಅದನ್ನು ನನ್ನ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಭಾನುವಾರ ಮಧ್ಯಾಹ್ನ ಕುಲುಮೆ ಹೊತ್ತಿಸಿದೆ. ಮಣ್ಣು ಮೆತ್ತಿದ ಬಕೆಟ್ಟು, ಇದ್ದಿಲು, ಅದರ ಮೇಲೆ ಲೋಹ ಕರಗಿಸಲು ಕಬ್ಬಿಣದ ಪಾತ್ರೆ, ಗಾಳಿಗೆ ಹೆಂಡತಿಯ ಕೂದಲು ಒಣಗಿಸುವ ಯಂತ್ರ. (ಅದರ ಕಥೆ ಬೇರೆ.) ಲೋಹ ಕರಗುವಷ್ಟರಲ್ಲಿ ಅಚ್ಚು ಒತ್ತಿದರಾಯಿತು ಎಂದುಕೊಂಡೆ. ಅಮ್ಮ ಹೊಸ್ತಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಪ್ರೇಕ್ಷಕರು ಸಿಕ್ಕಿದ ಮೇಲೆ ಕೇಳಬೇಕೇ? ಬುಟ್ಟಿಗೆ ಕೈ ಹಾಕಿ ಒಂದೊಂದೇ ತುಂಡು ಎತ್ತಿ ಪರೀಕ್ಷಿಸಿ, ಭಾಷಣ ಮಾಡಿ, ಪಾತ್ರೆಗೆ ಹಾಕತೊಡಗಿದೆ.

"ಅಮ್ಮಾ, ಇದನ್ನ ನೋಡು! ಅಯಸ್ಕಾಂತ ಮುಟ್ಟಲ್ಲ, ಕೈಗೆ ಹಗುರ. ಮುರಿದ ಕಡೆ ಹರಳು ನೋಡು ಹರಳು! ಇಂಥ ಲೋಹ ಈಗಿನ ಕಾಲದಲ್ಲಿ ಸಿಗುತ್ತಾ?"

ತಳಭಾಗದಲ್ಲಿ ಏನೋ ಗೀರುಗಳಿದ್ದವು. ನನಗಿಂತ ಮೊದಲೇ ಯಾರೋ ಬಲ್ಲವರು ಇದನ್ನು ಮೊನೆಯಿಂದ ಗೀರಿ ಪರೀಕ್ಷಿಸಿದ್ದಾರೆ ಎಂದು ಸಂತೋಷವಾಯಿತು. ಆ ಗೀರಿನ ಮೇಲೇ ಅರ ಆಡಿಸಿದೆ. ಬೆಳ್ಳಿಯಂತೆ ಹೊಳೆಯಿತು. "ಅಪ್ಪಟ!" ಎಂದು ಘೋಷಿಸಿ ಪಾತ್ರೆಗೆ ಹಾಕಿದೆ.

ಎಲ್ಲ ಕರಗಿ ಕನ್ನಡಿಯಂತೆ ಮಿನುಗುವಾಗ ಹೆಂಡತಿಯನ್ನು ಕರೆದೆ. ಬಂದು ಬಗ್ಗಿ ನೋಡಿ, "ಪರವಾಗಿಲ್ವೇ!" ಎಂದಳು. ಮದುವೆಯಾದ ಮೇಲೆ ಆ ಶಬ್ದ ಕೇಳಿದ್ದು ಕಡಿಮೆ. ಎದೆ ಉಬ್ಬಿತು.

"ಅಚ್ಚು ಎಲ್ಲಿ ರೀ?"

"ಈಗ ಒತ್ತುತ್ತೀನಿ. ಒಂದೇ ನಿಮಿಷ," ಎಂದು ಬುಟ್ಟಿಗೆ ಕೈ ಹಾಕಿದೆ. ಬುಟ್ಟಿಯ ತಳ ಸಿಕ್ಕಿತು. ಅನುಮಾನದ ಬುಟ್ಟಿ ನೋಡಿದೆ. ಕಬ್ಬಿಣದ ಬುಟ್ಟಿಯನ್ನು ಬೋರಲು ಹಾಕಿದೆ. ಮರಳು ಕೆದಕಿದೆ. ಆಮೇಲೆ ನಿಧಾನವಾಗಿ ಕರಗಿದ ಲೋಹದ ಪಾತ್ರೆಯ ಕಡೆ ತಿರುಗಿದೆ.

"ಏನೋ ಹುಡುಕ್ತಿದ್ದೀಯ?" ಎಂದರು ಅಮ್ಮ. "ಆಗ ಹೊಗಳಿದೆಯಲ್ಲ, ಅದನ್ನಾ?"

ಲೋಹದ ಗುರುತು ನನಗೆ ಸರಿಯಾಗಿಯೇ ಸಿಕ್ಕಿತ್ತು. ಅದು ಯಾರ ಕಾಲು ಎಂಬ ಗುರುತು ಸಿಗಲಿಲ್ಲ, ಅಷ್ಟೇ.

ಹೆಂಡತಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಮುಖ ನೋಡಿದಳು, ಪಾತ್ರೆ ನೋಡಿದಳು. ಕೂಗಾಟಕ್ಕೆ ನಾನು ಸಿದ್ಧನಾಗಿದ್ದೆ, ನಾಲ್ಕಾರು ಉತ್ತರಗಳೂ ತಯಾರಿದ್ದವು. ಅವಳು ಕೂಗಲಿಲ್ಲ.

"ತಳದಲ್ಲಿ ಗುಬ್ಬಿ ಇತ್ತು," ಎಂದಳು.

"ಗುಬ್ಬಿನಾ?"

"ಅಪ್ಪ ಕತ್ತರಿ ಮೊನೇಲಿ ಗೀರಿದ್ದು. ಚಿಕ್ಕೋಳಿದ್ದಾಗ ನಾನು ಫ್ಯಾನಿಗೆ ಬೆರಳು ಹಾಕಕ್ಕೆ ಹೋಗ್ತಿದ್ನಂತೆ. 'ಇಲ್ಲೊಂದು ಗುಬ್ಬಿ ಕೂತಿದೆ, ಮುಟ್ಟಿದ್ರೆ ಹಾರಿಹೋಗುತ್ತೆ' ಅಂತ ಹೇಳ್ತಿದ್ರು. ನನ್ನನ್ನೂ ಗುಬ್ಬಿ ಅಂತಾನೇ ಕರೀತಿದ್ರು."

ಬಲ್ಲವರು ಗೀರಿದ್ದಾರೆ ಎಂದುಕೊಂಡೆನಲ್ಲ, ಸುಳ್ಳಲ್ಲ. ಆ ಬಲ್ಲವರ ಗುಬ್ಬಿಯ ಮೇಲೆ ಅರ ಆಡಿಸಿ, ಮಿಂಚಿತು ಎಂದು ಕುಣಿದವನು ನಾನು. ನಾನು ಎಷ್ಟೋ ಪೆದ್ದು ಕೆಲಸ ಮಾಡಿದ್ದೇನೆ, ನಕ್ಕು ಮರೆತಿದ್ದೇನೆ. ಇದನ್ನು ಮಾತ್ರ ಇವತ್ತಿಗೂ ಮರೆಯಲಾಗಿಲ್ಲ. "ತಪ್ಪಾಯ್ತು ಕಣೇ," ಎಂದೆ. ಅವಳು ಒಳಗೆ ಹೋದಳು. ಅಮ್ಮ ಕೂಡ ಕುರ್ಚಿ ಎತ್ತಿಕೊಂಡು ಹೋದರು.

ಪಾತ್ರೆಯಲ್ಲಿದ್ದದ್ದು ಆರಿ, ದಪ್ಪ ರೊಟ್ಟಿಯಂಥ ಒಂದು ಲೋಹದ ಗಟ್ಟಿಯಾಯಿತು. ಎಸೆಯಲು ಮನಸ್ಸು ಬರಲಿಲ್ಲ. ಪಿಸ್ಟನ್ನು, ಎಂಜಿನ್ ಮುಚ್ಚಳಗಳ ಜೊತೆ ಅದರೊಳಗೆ ಎಲ್ಲೋ ಮಾವನವರ ಗುಬ್ಬಿಯೂ ಇತ್ತು. ಮಸಿ ಒರೆಸಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕಳ್ಳನಂತೆ ಹೊರಗೆ ಬಂದೆ.

ಸಂಜೆ ಒಳಗಿನಿಂದ ಗೊರಗೊರ ಸದ್ದು ಕೇಳಿಸಿತು. ಇಣುಕಿ ನೋಡಿದೆ. ಫ್ಯಾನು ನಿಂತಿತ್ತು! ಎರಡು ಕಾಲು ತನ್ನವು, ಮೂರನೆಯದರ ಜಾಗದಲ್ಲಿ ನನ್ನ ಗಟ್ಟಿ, ಅದರ ಕೆಳಗೆ ಮಡಿಸಿದ ಬಟ್ಟೆ. ಹೆಂಡತಿ ಅದರ ಗಾಳಿಗೆ ಮುಖ ಒಡ್ಡಿ ಕುಳಿತಿದ್ದಳು. ಪಕ್ಕದಲ್ಲಿ ಒಂದು ಕತ್ತರಿ ಬಿದ್ದಿತ್ತು. ಕ್ಷಮಿಸಿದಳು ಎಂದು ನನ್ನ ಕಣ್ಣು ತೇವವಾಯಿತು. ಅಪ್ಪನ ಗುಬ್ಬಿಯನ್ನು ತನ್ನ ಕೈಯಾರೆ ಮತ್ತೆ ಗೀರಿಕೊಂಡಿರಬೇಕು ಎಂದು ಬಳಿಗೆ ಹೋಗಿ ಬಗ್ಗಿದೆ.

"ನೋಡಿ, ಹೇಗೆ ಬಂದಿದೆ?" ಎಂದಳು. "ಇದನ್ನ ಮಾತ್ರ ಕರಗಿಸ್ಬೇಡಿ. ಇದು ಹಾರಿಹೋಗಲ್ಲ, ಇಲ್ಲೇ ನಿಂತ್ಕೊಂಡು ಭಾರ ಹೊರುತ್ತೆ."

ಗಟ್ಟಿಯ ಮೇಲೆ ನಾಲ್ಕು ಕಾಲು, ಒಂದು ಬಾಲ, ಎರಡು ಉದ್ದನೆಯ ಕಿವಿಗಳಿದ್ದವು. ಅದು ಯಾವ ಪ್ರಾಣಿ, ಯಾರ ಚಿತ್ರ ಎಂದು ಗುರುತಿಸಲು ನನಗೆ ಅಯಸ್ಕಾಂತವೂ ಬೇಕಾಗಲಿಲ್ಲ, ಅರವೂ ಬೇಕಾಗಲಿಲ್ಲ.