ಪಕ್ಕದ ಸೀಟಿನಲ್ಲಿ ಅತ್ತೆ

ಕಾರಿನ ವಿಷಯದಲ್ಲಿ ‘ನನಗೆ ಗೊತ್ತಿಲ್ಲ’ ಎಂದು ಒಪ್ಪಿಕೊಂಡ ಗಂಡಸನ್ನು ನಾನು ಇದುವರೆಗೆ ನೋಡಿಲ್ಲ. ಅಡುಗೆ ಬರುವುದಿಲ್ಲ ಎನ್ನುತ್ತಾರೆ, ಈಜು ಬರುವುದಿಲ್ಲ ಎನ್ನುತ್ತಾರೆ, ಮಗಳ ನಾಲ್ಕನೇ ತರಗತಿಯ ಗಣಿತ ತಲೆಗೆ ಹತ್ತುವುದಿಲ್ಲ ಎಂದು ನಗುನಗುತ್ತಲೇ ಹೇಳುತ್ತಾರೆ. ಆದರೆ ಕೆಟ್ಟು ನಿಂತ ಕಾರಿನ ಬಾನೆಟ್ ಎತ್ತಿದರೆ ಸಾಕು, ಸುತ್ತಲಿನ ಗಂಡಸರೆಲ್ಲ ಸೊಂಟದ ಮೇಲೆ ಕೈಯಿಟ್ಟು ಒಳಗೆ ಇಣುಕಿ ಗಂಭೀರವಾಗಿ ‘ಹೂಂ’ ಎನ್ನುತ್ತಾರೆ. ನಾನೂ ಹೂಂ ಎನ್ನುವವರ ಪೈಕಿಯವನೇ. ಮೈಸೂರಿನಲ್ಲಿದ್ದಾಗ ಸ್ಕೂಟರು, ಸಿಂಗಪುರಕ್ಕೆ ಬಂದ ಮೇಲೆ ಇಲ್ಲಿನ ಮೆಟ್ರೋ ರೈಲಾದ ಎಂಆರ್‌ಟಿ. ಈ ಊರಿನಲ್ಲಿ ಕಾರು ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದ ಹಾಗೆ. ಬುಕಿತ್ ಬಾಟೋಕ್‌ನ ಹನ್ನೆರಡನೇ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ ಒಂದು ಸೈಕಲ್ಲು ಸಾಕಿಕೊಂಡಿದ್ದೇವೆ, ಅದೂ ಮಗಳದ್ದು. ಆದರೆ ಜ್ಞಾನಕ್ಕೆ ಸ್ವಂತ ಕಾರು ಬೇಕೆಂದೇನೂ ಇಲ್ಲವಲ್ಲ. ಒನ್-ನಾರ್ತ್‌ನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆಲ್ಲ ನಾನು ಫೋನಿನಲ್ಲಿ ಕಾರುಗಳ ವಿಡಿಯೋ ನೋಡುತ್ತೇನೆ. ಕಾರು ಕೊಳ್ಳುವ ಮುಂಚೆ ಇಬ್ಬರು ಸಹೋದ್ಯೋಗಿಗಳು ನನ್ನ ಸಲಹೆ ಕೇಳಿದ್ದರು. ಇಬ್ಬರೂ ನಾನು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಮಾಡಿ ಈಗ ಸುಖವಾಗಿದ್ದಾರೆ.

ಇಷ್ಟು ಪೀಠಿಕೆ ಹಾಕಿದ್ದು ನನ್ನ ಅತ್ತೆಯ ವಿಷಯ ಹೇಳುವುದಕ್ಕೆ. ಅತ್ತೆ ಎಂದರೆ ನನ್ನ ಹೆಂಡತಿ ವಿದ್ಯಾಳ ತಾಯಿ, ಉಡುಪಿಯವರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅತ್ತೆಗೂ ನನಗೂ ನಡುವೆ ಒಂದು ಸಣ್ಣ ಜಗಳವೂ ಆಗಿಲ್ಲ. ಮಾತೇ ಇಲ್ಲದ ಮೇಲೆ ಜಗಳ ಎಲ್ಲಿಂದ ಬರಬೇಕು? ‘ಕಾಫಿ ಆಯ್ತಾ ಅತ್ತೆ’ ಎಂದು ನಾನು, ‘ಆಯ್ತು, ನಿಮ್ದು’ ಎಂದು ಅವರು. ಅಲ್ಲಿಗೆ ಆ ದಿನದ ವ್ಯವಹಾರ ಮುಗಿಯುತ್ತದೆ. ವಿದ್ಯಾಳ ಜೊತೆ ತುಳುವಿನಲ್ಲಿ ಗಲಗಲ ಮಾತಾಡುವ ಅವರು ನನ್ನ ಕಡೆ ತಿರುಗಿದ ಕೂಡಲೇ ಇಸ್ತ್ರಿ ಮಾಡಿದ ಕನ್ನಡಕ್ಕೆ ಬಂದುಬಿಡುತ್ತಾರೆ. ಹಿಂದೆ ಶಾಲಾ ಇನ್ಸ್‌ಪೆಕ್ಟರರ ಎದುರು ಇದೇ ಕನ್ನಡ ಆಡುತ್ತಿದ್ದರೇನೋ ಎಂದು ನನ್ನ ಗುಮಾನಿ.

ಈ ಸಲ ಅವರು ಬಂದು ಮೂರು ವಾರವಾಗಿತ್ತು. ತೋಟ ತೋರಿಸಿದೆವು, ಹಕ್ಕಿ ತೋರಿಸಿದೆವು, ಸಮುದ್ರದ ಪಕ್ಕದ ದೀಪಾಲಂಕಾರ ತೋರಿಸಿದೆವು. ಎಲ್ಲದಕ್ಕೂ ಒಂದೇ ದನಿಯಲ್ಲಿ ‘ಚೆಂದ ಇದೆ’ ಎಂದರು. ಉಳಿದ ಹೊತ್ತು ಸೋಫಾದ ಒಂದು ತುದಿಯಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದರು. ಒಂದು ಬೆಳಿಗ್ಗೆ ವಿದ್ಯಾ ಅಡುಗೆಮನೆಯಲ್ಲಿ ನನ್ನನ್ನು ತಡೆದು, ಅಮ್ಮ ವಾಪಸ್ ಟಿಕೆಟ್ಟನ್ನು ಮುಂದಿನ ವಾರಕ್ಕೇ ಬದಲಿಸಲು ಹೇಳುತ್ತಿದ್ದಾರೆ ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಎರಡು ತಿಂಗಳು ಅಮ್ಮ ಜೊತೆಗಿರುತ್ತಾರೆಂದು ಅವಳು ಒಂದು ವರ್ಷದಿಂದ ಲೆಕ್ಕ ಹಾಕಿಕೊಂಡಿದ್ದಳು. ‘ಶನಿವಾರ ನಂಗೆ ಬಿಶಾನ್‌ನಲ್ಲಿ ಇಡೀ ದಿನ ಟ್ರೈನಿಂಗ್ ಇದೆ. ಅವತ್ತು ಒಂದಿನ ಅಮ್ಮನ್ನ ಹೇಗಾದ್ರೂ ಖುಷಿಯಾಗಿಡು ರಘು, ಪ್ಲೀಸ್,’ ಎಂದಳು.

ಶನಿವಾರ ನನ್ನದೇ ಬೇರೆ ಯೋಜನೆಯಿತ್ತು. ನಮ್ಮ ಆಫೀಸಿನ ಹತ್ತಿರದ ದೊಡ್ಡ ಕಾರ್ ಪಾರ್ಕಿನಲ್ಲಿ ಹಳೆಯ ಕಾಲದ ರೇಸು ಮತ್ತು ರ‍್ಯಾಲಿ ಕಾರುಗಳ ಪ್ರದರ್ಶನ. ತಿಂಗಳಿಂದ ಕಾದಿದ್ದೆ. ಎರಡು ಜವಾಬ್ದಾರಿಗಳನ್ನು ಒಂದೇ ಬುಟ್ಟಿಗೆ ಹಾಕಿದೆ. ಅತ್ತೆಗೆ ‘ಒಂದು ಎಕ್ಸಿಬಿಷನ್ ಇದೆ, ಕೂರೋಕೆ ಕುರ್ಚಿ ಇರುತ್ತೆ, ಫ್ಯಾನ್ ಇರುತ್ತೆ’ ಎಂದೆ. ಯಾವುದರ ಎಕ್ಸಿಬಿಷನ್ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೊರಡುವಾಗ ವಿದ್ಯಾ ಒಂದೇ ಎಚ್ಚರಿಕೆ ಕೊಟ್ಟಳು: ಅಮ್ಮನಿಗೆ ಬಸ್ಸು ಟ್ಯಾಕ್ಸಿ ಹತ್ತಿದರೆ ಹೊಟ್ಟೆ ತೊಳಸುತ್ತದೆ, ಎಂಆರ್‌ಟಿಯಲ್ಲೇ ಕರೆದುಕೊಂಡು ಹೋಗು.

ಅಲ್ಲಿಗೆ ಹೋದರೆ, ಆಹಾ! ಐವತ್ತು ವರ್ಷ ಹಳೆಯ ಕಾರುಗಳು ಹೊಸ ಮದುವಣಿಗರ ಹಾಗೆ ಸಾಲಾಗಿ ನಿಂತಿದ್ದವು. ಬಾಗಿಲ ಮೇಲೆ ದೊಡ್ಡ ನಂಬರು, ಮೂತಿಗೆ ನಾಲ್ಕು ನಾಲ್ಕು ದೀಪ, ಚಕ್ರದ ಹಿಂದೆ ಕೆಸರು ತಡೆಯುವ ಕೆಂಪು ರಬ್ಬರು. ಒಂದು ಕಾರಂತೂ ಯಾವುದೋ ದೇಶದ ಕಾಡಿನಲ್ಲಿ ಓಡಿ ಮೈಗೆಲ್ಲ ಮೆತ್ತಿಸಿಕೊಂಡ ಕೆಸರಿನ ಸಮೇತ ಬಂದಿತ್ತು. ಸುತ್ತ ಹಗ್ಗ ಕಟ್ಟಿ, ಕೆಸರನ್ನು ಮುಟ್ಟಬೇಡಿ ಎಂದು ಬೋರ್ಡು ಹಾಕಿದ್ದರು. ನನ್ನ ಮಗಳು ಅದಿತಿ, ಹತ್ತು ವರ್ಷದವಳು, ಅದನ್ನು ಓದಿ ‘ಹಾಗಾದ್ರೆ ನನ್ನ ಶೂ ಕೂಡ ತೊಳೀಬೇಡ ಲಾ ಅಪ್ಪ’ ಎಂದಳು, ಈ ಊರಿನವರ ‘ಲಾ’ ಬಾಲ ಸೇರಿಸಿ.

ನಾನು ವಿವರಣೆ ಶುರುಮಾಡಿದೆ. ಅತ್ತೆಯನ್ನು ಖುಷಿಯಾಗಿಡುವ ಹೊಣೆ ಬೇರೆ ಇತ್ತಲ್ಲ. ಒಂದೊಂದು ಕಾರಿನ ಮುಂದೆಯೂ ನಿಂತು ಇದು ಏನು, ಅದು ಯಾಕೆ ಎಂದು ಒಂದು ಗಂಟೆ ಬಿಡದೆ ಹೇಳಿದೆ. ಗೊತ್ತಿದ್ದದ್ದು ಹದಿನೈದು ನಿಮಿಷದಲ್ಲಿ ಮುಗಿಯಿತು, ಉಳಿದದ್ದು ಸ್ವಂತ ಸೃಷ್ಟಿ. ಬಿಳಿ ಮೈಯ, ಕೆಂಪು ಬಾನೆಟ್ಟಿನ ಒಂದು ಪುಟ್ಟ ರ‍್ಯಾಲಿ ಕಾರಿನಲ್ಲಿ ಎಡಗಡೆ ಸೀಟಿನ ಎದುರು ಅಂಕಿಗಳು ತಿರುಗುವ ಒಂದು ಡಬ್ಬಿಯಿತ್ತು. ಅದು ಹಳೇ ಕಾಲದ ಟ್ಯಾಕ್ಸಿ ಮೀಟರು ಎಂದೆ. ಪಕ್ಕದ ಸೀಟು ಯಾರಿಗೆ ಎಂದು ಅದಿತಿ ಕೇಳಿದಳು. ಡ್ರೈವರಿಗೆ ನಿದ್ದೆ ಬರದಂತೆ ಮಾತಾಡಿಸುತ್ತ, ನೀರು ಕೊಡುತ್ತ ಹೋಗುವ ಸಹಾಯಕನಿಗೆ ಎಂದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಎಲ್ಲದಕ್ಕೂ ಸಣ್ಣಗೆ ನಕ್ಕು ‘ಹೌದಾ’ ಎಂದರು. ಪಾಪ, ಹಿರಿಯರು, ಆಸಕ್ತಿಯಿಂದ ಕಲಿಯುತ್ತಿದ್ದಾರಲ್ಲ ಎಂದು ನನಗೆ ಹೆಮ್ಮೆಯೆನಿಸಿತು.

ಹನ್ನೊಂದರ ಹೊತ್ತಿಗೆ ಆ ಬಿಳಿ ಕಾರಿನ ಬಳಿ ಗಡಿಬಿಡಿಯಾಯಿತು. ಅದರ ಯಜಮಾನರು ಲಿಮ್ ಎಂಬ ಚೀನೀ ಅಂಕಲ್, ಅತ್ತೆಯದೇ ವಯಸ್ಸು. ಅವರು ಕೈಯಲ್ಲೊಂದು ಕಾಗದದ ಕಟ್ಟು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು. ಪ್ರದರ್ಶನದ ಭಾಗವಾಗಿ ಇಪ್ಪತ್ತಕ್ಕೂ ಹೆಚ್ಚು ಹಳೆಯ ಕಾರುಗಳು ಊರಿನ ರಸ್ತೆಗಳಲ್ಲಿ ಒಂದು ಸುತ್ತು ಹೋಗಿ ಬರುವುದಿತ್ತು. ಅದು ಯಾರು ಮೊದಲು ಬರುತ್ತಾರೆಂಬ ಸ್ಪರ್ಧೆಯಲ್ಲ. ಕೊಟ್ಟ ದಾರಿಯಲ್ಲಿ, ಕೊಟ್ಟ ಸರಾಸರಿ ವೇಗದಲ್ಲಿ ಹೋಗಬೇಕು. ದಾರಿಯಲ್ಲಿ ಎಲ್ಲೆಲ್ಲಿಯೋ ಗಡಿಯಾರ ಹಿಡಿದು ನಿಂತವರ ಮುಂದೆ ಸರಿಯಾದ ಸೆಕೆಂಡಿಗೆ ಹಾದುಹೋಗಬೇಕು. ತಡವಾದರೂ ತಪ್ಪು, ಬೇಗ ಹೋದರೂ ತಪ್ಪು. ಹಬ್ಬದೂಟಕ್ಕೆ ಮಾವನ ಮನೆಗೆ ಹೋಗುವ ಅಳಿಯನ ಪರಿಸ್ಥಿತಿ. ಡ್ರೈವರು ಸ್ಟಿಯರಿಂಗ್ ಹಿಡಿದರೆ, ದಾರಿ ಓದಿ, ದೂರ ಅಳೆದು, ಸಮಯದ ಲೆಕ್ಕ ಹಾಕುವವರು ಪಕ್ಕದ ಸೀಟಿನ ನ್ಯಾವಿಗೇಟರ್. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ ಎಂಬುದು ತಮಗೆ ಈಗಾಗಲೇ ಗೊತ್ತು. ಲಿಮ್ ಅಂಕಲ್‌ರ ನ್ಯಾವಿಗೇಟರಿಗೆ ಬೆಳಿಗ್ಗೆಯೇ ಜ್ವರ ಬಂದು, ಬರುವುದಿಲ್ಲ ಎಂದು ಮೆಸೇಜು ಬಂದಿತ್ತು. ಈ ಕಾಗದ ಓದಲು ಬರುವವರು ಯಾರಾದರೂ ಇದ್ದೀರಾ ಎಂದು ಸಂಘಟಕರು ಮೈಕಿನಲ್ಲಿ ಎರಡು ಸಲ ಕೇಳಿದರು.

ನಾನು ತಿರುಗಿ ನೋಡಿದರೆ ಕುರ್ಚಿಯಲ್ಲಿ ಅತ್ತೆ ಇಲ್ಲ. ಅವರು ಲಿಮ್ ಅಂಕಲ್‌ರ ಪಕ್ಕದಲ್ಲಿದ್ದರು. ಕಾಗದದ ಕಟ್ಟನ್ನು ಅವರ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಹಾಳೆ ಮಗುಚುತ್ತ, ಮೇಷ್ಟ್ರ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಕೇಳುತ್ತಿದ್ದರು. ಸರಾಸರಿ ವೇಗ ಬದಲಾಗುವುದು ಯಾವ ಗುರುತಿನಿಂದ, ದೂರ ಅಳೆಯುವ ನಿಮ್ಮ ಡಬ್ಬಿ ಎಷ್ಟು ಕಿಲೋಮೀಟರಿಗೆ ಎಷ್ಟು ತಪ್ಪು ತೋರಿಸುತ್ತದೆ, ಎಂದು. ಲಿಮ್ ಅಂಕಲ್‌ರ ಬಾಯಿ ತೆರೆದದ್ದು ಹಾಗೇ ಇತ್ತು. ಆಮೇಲೆ ಅತ್ತೆ ನನ್ನ ಬಳಿ ಬಂದು ವ್ಯಾನಿಟಿ ಬ್ಯಾಗನ್ನು ನನ್ನ ಕೈಗೆ ಕೊಟ್ಟರು.

‘ನಾನೊಮ್ಮೆ ಹೋಗಿ ಬರ್ಲಾ? ಒಂದು ಗಂಟೆಯ ಕೆಲಸ ಅಷ್ಟೆ.’

ಇದೆಲ್ಲ ನಿಮಗೆ ಹೇಗೆ ಗೊತ್ತು ಅತ್ತೆ, ಎಂದು ಕೇಳಿದೆ. ಆಗ ಅವರು ನಾಲ್ಕು ಮಾತಿನಲ್ಲಿ ಹೇಳಿದ್ದು ಇಷ್ಟು. ಮದುವೆಗೆ ಮುಂಚೆ ಅವರ ಅಣ್ಣನಿಗೆ ಮಂಗಳೂರಿನಲ್ಲಿ ಗ್ಯಾರೇಜಿತ್ತು. ಅಣ್ಣನಿಗೆ ರ‍್ಯಾಲಿಯ ಹುಚ್ಚು. ಒಮ್ಮೆ ಅವನ ಜೊತೆಗಾರನಿಗೆ ಕಾಮಾಲೆಯಾದಾಗ, ಬಾಯಲ್ಲೇ ಲೆಕ್ಕ ಹಾಕುವ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದ. ಅಲ್ಲಿಂದ ನಾಲ್ಕು ವರ್ಷ ಘಟ್ಟದ ರಸ್ತೆಗಳಲ್ಲಿ, ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ಅಣ್ಣನಿಗೆ ಎಡ, ಬಲ ಹೇಳಿದವರು ಇವರೇ. ಆಮೇಲೆ ಮದುವೆ, ಶಾಲೆ, ಮಕ್ಕಳು. ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಹಾಗಾದರೆ ನಾನು ಒಂದು ಗಂಟೆ ಟ್ಯಾಕ್ಸಿ ಮೀಟರು, ನೀರು ಕೊಡುವವನು ಎಂದೆಲ್ಲ ಹೇಳುವಾಗ ಯಾಕೆ ಸುಮ್ಮನಿದ್ದಿರಿ ಅತ್ತೆ, ಎಂದು ಕೇಳಿದೆ.

‘ನೀವು ಅಷ್ಟು ಖುಷಿಯಲ್ಲಿ ಹೇಳ್ತಾ ಇದ್ರಿ,’ ಎಂದರು. ‘ಮಧ್ಯದಲ್ಲಿ ನಾನು ಯಾಕೆ ಬಾಯಿ ಹಾಕುದು ಅಂತ.’

ಒಂದು ಫಾರಮ್ಮಿಗೆ ಸಹಿ ಹಾಕಿದರು. ಎರಡು ಪೆನ್ಸಿಲು ಕೇಳಿ ಪಡೆದು ಒಂದನ್ನು ತುರುಬಿಗೆ ಸಿಕ್ಕಿಸಿದರು. ಸೆರಗು ಬಿಗಿದು, ಸೀಟಿನ ಅಗಲವಾದ ಬೆಲ್ಟುಗಳೊಳಗೆ ಕುಳಿತರು. ಬಿಳಿ ಕಾರು ಒಮ್ಮೆ ಕೆಮ್ಮಿ, ಗುಡುಗಿ, ಗೇಟು ದಾಟಿ ಹೋಯಿತು. ಅದಿತಿ ಕುಣಿಯುತ್ತಿದ್ದಳು. ನಾನು ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದೆ. ಅದೇ ಹೊತ್ತಿಗೆ ವಿದ್ಯಾಳ ಫೋನು. ಟ್ರೈನಿಂಗಿನ ನಡುವೆ ಟೀ ಬ್ರೇಕಂತೆ. ಅಮ್ಮನಿಗೆ ಫೋನ್ ಕೊಡು ಎಂದಳು.

‘ಅಮ್ಮ ಇಲ್ಲ,’ ಎಂದೆ.

‘ಟಾಯ್ಲೆಟ್‌ಗೆ ಹೋಗಿದ್ದಾರಾ?’

‘ಇಲ್ಲ. ಒಬ್ಬರು ಅಂಕಲ್ ಜೊತೆ ರ‍್ಯಾಲಿ ಕಾರಲ್ಲಿ ಹೋಗಿದ್ದಾರೆ.’

‘ಯಾವ ಅಂಕಲ್?’ ಎಂದಳು ಮೆಲ್ಲಗೆ. ಲಿಮ್ ಎಂಬುದರ ಆಚೆ ನನಗೂ ಏನೂ ಗೊತ್ತಿರಲಿಲ್ಲ. ಎಲ್ಲಿಗೆ ಹೋದರು ಎಂದು ಕೇಳಿದಳು. ಅದು ಅತ್ತೆಗೆ ಮಾತ್ರ ಗೊತ್ತು, ಕಾಗದ ಅವರ ಬಳಿಯೇ ಇದೆ ಎಂದೆ. ಅಮ್ಮನಿಗೆ ಬಸ್ಸಿನಲ್ಲಿ ಕೂತರೇ ವಾಂತಿ ಬರುತ್ತದೆಂದು ಬೆಳಿಗ್ಗೆ ಹೇಳಿರಲಿಲ್ಲವೇ ಎಂದಳು. ಅವಳ ತಾಯಿಯ ಪೂರ್ವಾಶ್ರಮವನ್ನು ನಾನು ವಿವರಿಸಲು ಹೊರಟೆ. ಒಂದು ಕಾರ್ ಶೋಗೆ ಕರೆದುಕೊಂಡು ಹೋಗಿ ಅಮ್ಮನನ್ನು ಕಳೆದುಕೊಂಡದ್ದಲ್ಲದೆ ಕತೆ ಬೇರೆ ಕಟ್ಟುತ್ತೀಯಾ ಎಂದು ಅವಳು ಟ್ರೈನಿಂಗ್ ಬಿಟ್ಟು ಹೊರಟೇಬಿಟ್ಟಳು. ಆ ಒಂದು ಗಂಟೆ ನಾನು ಪಟ್ಟ ಪಾಡು ಯಾರಿಗೂ ಬೇಡ. ದೂರದಲ್ಲಿ ಸೈರನ್ ಕೇಳಿದರೆ ಗೇಟಿನತ್ತ ಓಡುತ್ತಿದ್ದೆ. ಅತ್ತೆಗೆ ಏನಾದರೂ ಆದರೆ ಉಡುಪಿಯಲ್ಲಿ ಯಾರ ಯಾರ ಮುಂದೆ ಯಾವ ಮುಖ ಹೊತ್ತು ನಿಲ್ಲಬೇಕೆಂದು ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಪಟ್ಟಿ ಉದ್ದವಾಗಿತ್ತು.

ವಿದ್ಯಾ ಏದುಸಿರು ಬಿಡುತ್ತ ಬಂದು ನನ್ನ ಎದುರು ನಿಂತದ್ದಕ್ಕೂ ಗೇಟಿನ ಕಡೆ ಗದ್ದಲವಾದದ್ದಕ್ಕೂ ಸರಿಹೋಯಿತು. ಬಿಳಿ ಕಾರು ಬರುತ್ತಿತ್ತು. ಕಾರಿಗಿಂತ ಮೊದಲು ಅತ್ತೆಯ ದನಿ ಬಂತು. ಕಿಟಕಿ ಪೂರ್ತಿ ಇಳಿದಿತ್ತು, ಅವರ ಕಣ್ಣು ಗಡಿಯಾರದ ಮೇಲಿತ್ತು.

‘ನಿಧಾನ ಮಾರಾಯ್ರೇ, ಇನ್ನೂ ಹನ್ನೊಂದು ಸೆಕೆಂಡು ಉಂಟು. ನಿಧಾನ, ನಿಧಾನ. ಹಾಂ, ಈಗ ಬಿಡಿ.’

ಅಚ್ಚ ಕರಾವಳಿ ಕನ್ನಡ. ಹೇಳುತ್ತಿದ್ದದ್ದು ಹುಟ್ಟಿದಾಗಿನಿಂದ ಒಂದಕ್ಷರ ಕನ್ನಡ ಕೇಳಿರದ ಲಿಮ್ ಅಂಕಲ್‌ಗೆ. ಅತ್ತೆ ‘ನಿಧಾನ’ ಎಂದಾಗ ಅವರು ನಿಧಾನಿಸಿದರು, ‘ಬಿಡಿ’ ಎಂದಾಗ ಬಿಟ್ಟರು. ಕಾರು ಗೆರೆ ದಾಟಿದಾಗ ಗಡಿಯಾರ ಹಿಡಿದಿದ್ದ ಹುಡುಗಿ ಹುಬ್ಬೇರಿಸಿ ಹೆಬ್ಬೆಟ್ಟು ತೋರಿಸಿದಳು. ಇಳಿದ ಅತ್ತೆಯ ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು. ಎದುರಿಗೆ ಮಗಳನ್ನು ಕಂಡವರೇ ತುಳುವಿನಲ್ಲಿ ಏನೇನೋ ಹೇಳುತ್ತ, ಕೈಯಲ್ಲಿ ತಿರುವುಗಳನ್ನು ಬಿಡಿಸುತ್ತ ನಗತೊಡಗಿದರು. ನನ್ನನ್ನು ಬೈಯಲು ವಾಕ್ಯ ಜೋಡಿಸಿಕೊಂಡು ಬಂದಿದ್ದ ವಿದ್ಯಾ ಬಾಯಿಗೆ ಕೈಯಿಟ್ಟುಕೊಂಡು ಅಮ್ಮನನ್ನೇ ನೋಡುತ್ತ ನಿಂತಳು. ವಾಂತಿಯ ಕತೆ ಏನು ಎಂದು ಕೇಳಿದಳು. ಸುಮ್ಮನೆ ಕೂತರೆ ಬರುತ್ತದೆ, ಕೆಲಸವಿದ್ದರೆ ಬರುವುದಿಲ್ಲ ಎಂದು ಉತ್ತರ ಬಂತು. ಮೂರನೇ ತಿರುವಿನ ನಂತರ ಇಂಗ್ಲಿಷು ಮರೆತೇಹೋಯಿತೆಂದೂ, ‘ಪಾಪ, ಆ ಮನುಷ್ಯ ಹೇಳಿದ್ದು ಕೇಳ್ತಾರೆ’ ಎಂದೂ ಸೇರಿಸಿದರು. ಆ ಮನುಷ್ಯ ನನ್ನ ಬಳಿ ಬಂದು, ಹಣೆಯ ಬೆವರೊರೆಸುತ್ತ, ‘ಯುವರ್ ಆಂಟಿ ವೆರಿ ಫಿಯರ್ಸ್ ಲಾ. ಬಟ್ ಆಲ್ವೇಸ್ ಕರೆಕ್ಟ್’ ಎಂದರು.

ಎರಡನೇ ಸ್ಥಾನ ಬಂತು. ಮೊದಲ ಸ್ಥಾನ ತಪ್ಪಿದ್ದು ಲಿಮ್ ಅಂಕಲ್ ಸ್ಟಾಪಿನಿಂದ ಹೊರಡುತ್ತಿದ್ದ ಬಸ್ಸಿಗೆ ದಾರಿ ಬಿಟ್ಟದ್ದರಿಂದ. ಕಾನೂನಿನ ಪ್ರಕಾರ ಬಿಡಲೇಬೇಕು ಎಂದು ಅವರು, ಹಿಂದಿನ ತಿರುವಿನಲ್ಲೇ ಬೇಗ ಹೊರಟಿದ್ದರೆ ಬಸ್ಸೇ ಸಿಗುತ್ತಿರಲಿಲ್ಲ ಎಂದು ಅತ್ತೆ. ಹತ್ತಿರದ ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಎಲ್ಲರೂ ಊಟಕ್ಕೆ ಕೂತಾಗಲೂ ಆ ವಾದ ನಡೆದೇ ಇತ್ತು. ಅತ್ತೆ ಸ್ಟ್ರಾಗಳನ್ನು ಮೇಜಿನ ಮೇಲೆ ಜೋಡಿಸಿ ಘಟ್ಟದ ರಸ್ತೆ ಮಾಡಿದರು. ಮಂಜಿನಲ್ಲಿ ಅಣ್ಣ ಸೇತುವೆ ಬಿಟ್ಟು ಹಳ್ಳಕ್ಕೇ ಕಾರಿಳಿಸಿದ ಪ್ರಸಂಗವನ್ನು ನನಗೆ, ಹೌದು, ನನಗೇ, ತಿರುಗಿ ಹೇಳಿದರು. ‘ಮಾರಾಯ್ರೇ, ಆವತ್ತು ಸೀಟಿನ ಅಡಿಯಲ್ಲಿ ಮೀನು ಇತ್ತು ಗೊತ್ತುಂಟಾ?’ ಹನ್ನೆರಡು ವರ್ಷದಲ್ಲಿ ಆಡದಷ್ಟು ಮಾತನ್ನು ಆ ಮಧ್ಯಾಹ್ನ ಆಡಿದರು. ಇಸ್ತ್ರಿಯ ಕನ್ನಡ ಎಲ್ಲಿ ಬಿದ್ದುಹೋಯಿತೋ, ಯಾರೂ ಹುಡುಕಲಿಲ್ಲ.

ಟಿಕೆಟ್ಟು ಬದಲಾಯಿತು, ಆದರೆ ಹಿಂದಕ್ಕಲ್ಲ, ಮುಂದಕ್ಕೆ. ಮುಂದಿನ ಓಟಕ್ಕೆ ಅತ್ತೆ ಬೇಕೇ ಬೇಕೆಂದು ಲಿಮ್ ಅಂಕಲ್ ಹಟ ಹಿಡಿದಿದ್ದಾರೆ. ಅವರ ಗೆಳೆಯರ ಇನ್ನೊಂದು ಕಾರಿಗೂ ನ್ಯಾವಿಗೇಟರ್ ಬೇಕಂತೆ. ಅತ್ತೆ ನನ್ನ ಹೆಸರು ಸೂಚಿಸುವ ಯೋಚನೆಯಲ್ಲಿ ಒಂದು ಸಂಜೆ ನನ್ನನ್ನೂ ಅದಿತಿಯನ್ನೂ ಎದುರು ಕೂರಿಸಿಕೊಂಡು ಪರೀಕ್ಷೆ ಮಾಡಿದರು. ಗಂಟೆಗೆ ಮೂವತ್ತಾರು ಕಿಲೋಮೀಟರಿನಂತೆ ಹೋದರೆ ಏಳು ನಿಮಿಷದಲ್ಲಿ ಎಷ್ಟು ದೂರ? ನಾನು ಫೋನಿನಲ್ಲಿ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಮಗಳು ಉತ್ತರ ಹೇಳಿ ಬಿಸ್ಕತ್ತು ತಿನ್ನುತ್ತಿದ್ದಳು. ಅತ್ತೆ ವಿದ್ಯಾಳ ಕಡೆ ತಿರುಗಿ ತುಳುವಿನಲ್ಲಿ ಏನೋ ಹೇಳಿದರು. ನನಗೆ ತುಳು ಬರುವುದಿಲ್ಲವೆಂದು ಅವರ ನಂಬಿಕೆ. ಹನ್ನೆರಡು ವರ್ಷ ಸಂಸಾರ ಮಾಡಿದವನಿಗೆ ಅಷ್ಟೂ ತಿಳಿಯದೇ? ಅಳಿಯ ಜನ ಬಹಳ ಒಳ್ಳೆಯವರು, ಅವರಿಗೆ ಚಕ್ರಕ್ಕೆ ಗಾಳಿ ಹೊಡೆಯುವ ಕೆಲಸ ಕೊಡುವ, ಎಂದಿದ್ದರು.

ಮೊನ್ನೆ ಭಾನುವಾರ ಬಿಳಿ ಕಾರಿನ ನಾಲ್ಕೂ ಚಕ್ರಕ್ಕೆ ನಾನೇ ಗಾಳಿ ಹೊಡೆದು ಬಂದೆ. ಅತ್ತೆಯ ಲೆಕ್ಕದಲ್ಲಿ ಮೂರು ಚಕ್ರಕ್ಕೆ ಸರಿಯಾಗಿ ಹೊಡೆದಿದ್ದೇನಂತೆ.