ಅವ್ವ ಸಾಕಿದ ಸಮುದ್ರದ ಸೇವಂತಿಗೆ

ಬಟ್ಟೆ ಅಂಗಡಿಯವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬರಬಾರದು ಎಂದು ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಬಣ್ಣ ಬಿಡುತ್ತದೆಯೇ ಎಂದರೆ ಇಲ್ಲ ಎನ್ನಬೇಕು. ಒಗೆದರೆ ಕುಗ್ಗುತ್ತದೆಯೇ ಎಂದರೆ, ಕುಗ್ಗಿದ ಮೇಲೆಯೇ ನಿಮಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ ಎನ್ನಬೇಕು. ಈ ಒಂದೇ ವಿದ್ಯೆಯ ಬಲದಿಂದ ಧಾರವಾಡ ಬಿಟ್ಟು ಬಂದು ವಾಸ್ಕೋದಲ್ಲಿ ಅಂಗಡಿ ಇಟ್ಟು ನೆಲೆಯೂರಿದೆ. ಅದೇ ವಿದ್ಯೆಯನ್ನು ಒಂದು ಮೂಕ ಜೀವಿಯ ಮೇಲೆ ಪ್ರಯೋಗಿಸಿದೆನಲ್ಲ, ಅದನ್ನು ನೆನೆದರೆ ಇಂದಿಗೂ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ಮುರ್ಮುಗಾಂವ್ ಬಂದರಿನಲ್ಲಿ ಕೆಲಸಕ್ಕಿದ್ದ ಎಂಜಿನಿಯರೊಬ್ಬರು ನಮ್ಮ ಅಂಗಡಿಯ ಕಾಯಂ ಗಿರಾಕಿ. ಅವರಿಗೆ ದೂರದ ಊರಿಗೆ ವರ್ಗವಾದಾಗ ತಮ್ಮ ಮನೆಯ ಗಾಜಿನ ತೊಟ್ಟಿಯನ್ನು ನನಗೆ ಕೊಟ್ಟು ಹೋದರು. ಅದರೊಳಗೆ ಸಮುದ್ರದ ನೀರು, ಒಂದಿಷ್ಟು ಮರಳು, ಗುಳ್ಳೆ ಬಿಡುವ ಪುಟ್ಟ ಪಂಪು, ಒಂದು ಕರಿಯ ಕಲ್ಲು. ಕಲ್ಲಿಗೆ ಕಚ್ಚಿಕೊಂಡು ಸೇವಂತಿಗೆಯ ಹಾಗೆ ಅರಳಿಕೊಂಡಿದ್ದ ಒಂದು ವಸ್ತು. “ಇದಕ್ಕೆ ಸೀ ಅನಿಮೊನಿ ಅಂತಾರೆ. ಇಲ್ಲೇ ಬೈನಾ ದಂಡೆಯ ಬಂಡೆಗಳಿಂದ ತಂದಿದ್ದು. ನೋಡಿಕೊಳ್ಳೋದು ಗೊತ್ತಲ್ಲ?” ಎಂದರು. “ಗೊತ್ತಿಲ್ಲದ ಏನ್ರೀ?” ಎಂದೆ. ಆಹಾರದ ಬಗ್ಗೆ ಅವರು ಏನೋ ಹೇಳಲು ಹೊರಟರು. “ನೀವು ನಿಶ್ಚಿಂತಿ ಹೋಗ್ರಿ” ಎಂದು ಅವರ ಬಾಯಿ ಮುಚ್ಚಿಸಿ ತೊಟ್ಟಿಯನ್ನು ಗಾಡಿಗೆ ಏರಿಸಿದೆ.

ಅಪ್ಪ ತೀರಿಹೋದ ಮೇಲೆ ಅವ್ವನನ್ನು ಅದೇ ವರ್ಷ ಧಾರವಾಡದಿಂದ ಕರೆತಂದಿದ್ದೆ. ಅವಳಿಗೆ ವಾಸ್ಕೋ ಒಗ್ಗಲಿಲ್ಲ. ಒಣಹಾಕಿದ ಬಿಳಿ ಸೀರೆಯ ಮೇಲೆ ಬಂದರಿನಿಂದ ಹಾರಿ ಬರುವ ಅದಿರಿನ ಕೆಂಪು ದೂಳು, ಗಾಳಿಯಲ್ಲಿ ಮೀನಿನ ವಾಸನೆ. ನಾನೂ ನನ್ನ ಹೆಂಡತಿ ಶಾಂತಾಳೂ ಮಾತನಾಡಿಸಿದರೆ “ಅಮಾಸಿ ಮುಗೀಲಿ, ನಾ ಊರಿಗೆ ಹೋಗ್ತೇನಿ” ಎನ್ನುವುದೊಂದೇ ಉತ್ತರ. ಪಕ್ಕದ ಮನೆಯ ಫಿಲೊಮೆನಾಬಾಯಿ ಮೀನು ಹುರಿಯತೊಡಗಿದರೆ ಅವ್ವ ಆ ಕಡೆಯ ಕಿಟಕಿಯನ್ನು ಸದ್ದು ಕೇಳುವ ಹಾಗೆ ಮುಚ್ಚುತ್ತಿದ್ದಳು. ಒಮ್ಮೆ ಆಕೆ ತಮ್ಮ ಮರದ ಮಾವಿನಹಣ್ಣು ತಂದಾಗ ಅವ್ವ ಹೊಸ್ತಿಲಲ್ಲೇ ಇಸಿದುಕೊಂಡು, ಮೂರು ನೀರಿನಲ್ಲಿ ತೊಳೆದು ಒಳಗಿಟ್ಟಿದ್ದಳು.

ಆದರೆ ತೊಟ್ಟಿ ಅವ್ವನಿಗೆ ಹಿಡಿಸಿತು. “ಯಾವ ಹೂವಪಾ ಇದು?” ಎಂದಳು. “ಸಮುದ್ರದ ಸೇವಂತಿಗಿ ಅವ್ವಾ” ಎಂದೆ, ಒಂದು ಕ್ಷಣವೂ ತಡವರಿಸದೆ. “ಎಲಿ ಇಲ್ಲಲ್ರೀ?” ಎಂದು ಶಾಂತಾ ಸಂಶಯಪಟ್ಟಳು. “ಸಮುದ್ರದಾಗ ಹಂಗ ಇರ್ತಾವ” ಎಂದು ಸಮಾಧಾನ ಹೇಳಿದೆ. ಬಾಡದ ಹೂವೆಂದು ಅವ್ವ ಗಾಜಿಗೆ ಕುಂಕುಮವಿಟ್ಟು ದಿನಾ ಕೈಮುಗಿಯತೊಡಗಿದಳು. ಎದುರಿಗೆ ಕುರ್ಚಿ ಹಾಕಿಕೊಂಡು ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು. ನಾನು ಹೂವಿಗೆ ಬಿಸಿಲು ಬೇಕೆಂದು ತೊಟ್ಟಿಯನ್ನು ಕಿಟಕಿಯ ಹತ್ತಿರ ಸರಿಸಿದೆ. ನೀರು ಆರಿ ಕೆಳಗಿಳಿದಾಗಲೆಲ್ಲ ಬೈನಾದಿಂದ ಕ್ಯಾನಿನಲ್ಲಿ ಸಮುದ್ರದ ನೀರು ಹೊತ್ತು ತಂದು ಸುರಿದೆ. ಹಸಿದಿರಬಹುದೆಂಬ ಅನುಮಾನಕ್ಕೆ ಒಂದು ಚಿಟಿಕೆ ಅವಲಕ್ಕಿ ಪುಡಿ.

ಮೂರು ವಾರಕ್ಕೆ ಹೂವು ಮುದುಡಿತು. ಎಸಳುಗಳೆಲ್ಲ ಒಳಸೇರಿ ಕೊಳೆತ ಟೊಮೆಟೊ ಹಣ್ಣಿನಂತೆ ಒಂದು ಗಡ್ಡೆ ಮಾತ್ರ ಉಳಿಯಿತು. ನಾಲ್ಕು ದಿನ ಕಾದು, ತಜ್ಞನ ಗಾಂಭೀರ್ಯದಿಂದ “ಸತ್ತದ” ಎಂದು ಘೋಷಿಸಿ ಗಟಾರಕ್ಕೆ ಎಸೆಯಲು ಕಲ್ಲಿಗೆ ಕೈ ಹಾಕಿದೆ. ಅವ್ವ ಅಡ್ಡ ಬಂದು ನಿಂತಳು.

“ಈ ಊರಾಗ ನಾ ಮಾತಾಡಸೋದು ಅದೊಂದನ್ನ ಬಸ್ಯಾ. ಅದನ್ನೂ ಒಗೀತಿ?”

ಕಲ್ಲಿನಿಂದ ಕೈ ತೆಗೆದೆ. ಇಷ್ಟು ತಿಂಗಳು ಅಂಗಡಿಯಲ್ಲಿ ಕಂಡಕಂಡವರ ಜೊತೆ ಹರಟೆ ಹೊಡೆದು, ಮನೆಗೆ ಬಂದು ಪೇಪರು ಹಿಡಿದು ಕೂಡುತ್ತಿದ್ದವನು ನಾನು. ಅವ್ವ ಸರಸರನೆ ಹೋಗಿ ತಾನು ಸದಾ ಮುಚ್ಚುತ್ತಿದ್ದ ಆ ಕಿಟಕಿಯನ್ನು ತೆರೆದಳು. “ಬಾಯಿ, ಒಂದೀಟು ಬರ್ರಿ ಇಲ್ಲೆ!” ಎಂದು ಕೂಗಿದಳು.

ಫಿಲೊಮೆನಾಬಾಯಿ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಹೊರಗೇ ನಿಂತು “ಕಿತೆಂ ಜಾಲೆಂ?” ಎಂದರು. ಏನಾಯಿತು ಎಂದು ಕೇಳಿದ್ದು. “ಒಳಗ ಬರ್ರಿ” ಎಂದಳು ಅವ್ವ. ಆಕೆ ನನ್ನ ಮುಖ ನೋಡಿದರು, ನಾನು ಶಾಂತಾಳ ಮುಖ ನೋಡಿದೆ. ಕೊನೆಗೆ ಒಳಗೆ ಬಂದು, ತೊಟ್ಟಿಗೆ ಮೂಗು ತಾಗಿಸುವಷ್ಟು ಬಗ್ಗಿ ವಾಸನೆ ನೋಡಿದರು. ನಮ್ಮ ಕಡೆಯ ಕೂಲಿಯವರ ಸಹವಾಸದಿಂದ ಆಕೆಗೆ ಕನ್ನಡ ಬರುತ್ತಿತ್ತು. ಪುಲ್ಲಿಂಗ ಸ್ತ್ರೀಲಿಂಗದ ಗೊಡವೆ ಮಾತ್ರ ಇರಲಿಲ್ಲ. “ಅವನು ಸತ್ತಿಲ್ಲಾ. ಸತ್ರ ನಾತಾ ಬರ್ತೈತಿ, ಮನ್ಯಾಗ ನಿಲ್ಲಾಕ ಆಗೂದಿಲ್ಲ. ಅವಳು ಸಿಟ್ಟಾಗ್ಯಾಳ.” ಆಮೇಲೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡವರೇ ಮುಖ ಕಿವಿಚಿದರು. “ಇದೇನು ನೀರಾ? ಉಪ್ಪಿನಕಾಯಿ ಹಾಕ್ರಿ ಇದರಾಗ!”

ಆಕೆಯ ತಂದೆ ಉಪ್ಪಿನ ಗದ್ದೆಯಲ್ಲಿ ದುಡಿದವರಂತೆ. ಬಿಸಿಲು ನೀರನ್ನಷ್ಟೇ ಕುಡಿಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. ಆರಿದ್ದಕ್ಕೆ ಮತ್ತೆ ಸಮುದ್ರದ ನೀರು ಸುರಿದರೆ ಉಪ್ಪಿನ ಮೇಲೆ ಉಪ್ಪು. ಬಾವಿಯ ಸಿಹಿನೀರು ಹಾಕಬೇಕು ಎಂದು ವಿವರಿಸಿದರು. ತಲೆಯಾಡಿಸಿದೆ, ಮೊದಲೇ ಗೊತ್ತಿದ್ದವನಂತೆ. “ತಿನ್ನಾಕ ಏನು ಕೊಟ್ರಿ?” ಎಂದಾಗ ಅವಲಕ್ಕಿ ಎಂದೆ. ಆಕೆ ಗೋಡೆ ಹಿಡಿದುಕೊಂಡು ನಕ್ಕರು.

ಅಂದೇ ಬಾವಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸತೊಡಗಿದೆವು. ತೊಟ್ಟಿಯನ್ನು ಬಿಸಿಲಿನಿಂದ ಹಿಂದಕ್ಕೆ ಸರಿಸಿದ್ದಾಯಿತು. ವಾರದೊಳಗೆ ಎಸಳುಗಳು ಒಂದೊಂದಾಗಿ ಹೊರಬಂದವು. ಆಗ ಫಿಲೊಮೆನಾಬಾಯಿ ಸೆರಗಿನ ಮರೆಯಲ್ಲಿ ಒಂದು ಬಟ್ಟಲು ತಂದರು. ಅದರಲ್ಲಿ ಸುಂಗಟ, ಎಂದರೆ ಸಿಗಡಿಯ, ಉಗುರಿನಷ್ಟು ತುಣುಕು. ನಮ್ಮದು ಬೆಳ್ಳುಳ್ಳಿಯಿಂದಾಚೆಗೆ ಹೆಜ್ಜೆ ಇಡದ ಅಡಿಗೆಮನೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ತುಣುಕು ತಾಗಿದ್ದೇ ತಡ, ‘ಸೇವಂತಿಗೆ’ಯ ಎಸಳುಗಳೆಲ್ಲ ಅದನ್ನು ಹಿಡಿದು ನಿಧಾನವಾಗಿ ನಡುವಿನ ಬಾಯಿಗೆ ಒಯ್ದವು. ನನ್ನ ಸಸ್ಯಶಾಸ್ತ್ರವೆಲ್ಲ ಆ ಬಾಯಿಯೊಳಗೆ ಹೋಯಿತು. ಅವ್ವ ಓರೆಗಣ್ಣಿನಿಂದ ನೋಡಿದಳು. ಆಮೇಲೆ ಪೂರ್ತಿ ತಿರುಗಿದಳು.

“ಅಯ್ಯ! ಎಷ್ಟು ಹಸದಿತ್ತ ನೋಡ್ರಿ ಪಾಪ! ಇಷ್ಟು ದಿನಾ ಉಪಾಸ ಕೆಡವ್ಯಾನ ಇಂವಾ!”

ಉಣ್ಣುವವರನ್ನು ಕಂಡರೆ ಅವ್ವನಿಗೆ ತಡೆಯಲಾಗುತ್ತಿರಲಿಲ್ಲ; ಏನು ಉಣ್ಣುತ್ತಾರೆಂಬುದು ಆಮೇಲಿನ ಮಾತು. ವಾರಕ್ಕೆರಡು ಸಲ ಊಟ ಸಾಕು, ಹೆಚ್ಚಾದರೆ ನೀರು ಕೆಡುತ್ತದೆ ಎಂದು ತಾವೇ ಹೇಳಿದ್ದರೂ ಫಿಲೊಮೆನಾಬಾಯಿ ದಿನಾ ನಾಲ್ಕು ಗಂಟೆಗೆ ಬರತೊಡಗಿದರು. ಆಕೆಯೂ ಗಂಡನನ್ನು ಕಳೆದುಕೊಂಡವರೆಂಬುದು ನನಗೆ ತಿಳಿದದ್ದು ಆಗ, ಅದೂ ಅವ್ವನ ಬಾಯಿಂದ. ಹತ್ತು ವರ್ಷ ನೆರೆಯವನಾಗಿದ್ದ ನಾನು ಆ ಮಾತು ಕೇಳಿಯೇ ಇರಲಿಲ್ಲ. ಅಮಾವಾಸ್ಯೆಗಳು ಬಂದುಹೋದವು, ಅವ್ವ ಊರಿನ ಹೆಸರೆತ್ತಲಿಲ್ಲ. ಮಳೆಗಾಲದಲ್ಲಿ ದಂಡೆಯ ನೀರು ಕೆಂಪಾಗಿ ಉಪ್ಪು ಕಳೆದುಕೊಳ್ಳುತ್ತದೆಂದು ಇಬ್ಬರೂ ಸೇರಿ ಮೇ ತಿಂಗಳಲ್ಲೇ ನನ್ನ ಕೈಯಿಂದ ಕ್ಯಾನುಗಟ್ಟಲೆ ನೀರು ಹೊರಿಸಿ ಮಂಚದ ಕೆಳಗೆ ಸಾಲಾಗಿ ಇಡಿಸಿದರು.

ಎರಡನೆಯ ಬೇಸಿಗೆ ವಿಪರೀತವಾಗಿತ್ತು. ಕರೆಂಟು ಹೋದರೆ ಪಂಪು ನಿಲ್ಲುತ್ತಿತ್ತು, ತೊಟ್ಟಿಯ ನೀರು ಬೆಚ್ಚಗಾಗುತ್ತಿತ್ತು. ಬರ್ಫದ ಚೀಲ ತೇಲಿಬಿಟ್ಟೆವು, ಒದ್ದೆ ಗೋಣಿ ಸುತ್ತಿದೆವು. ಆದರೂ ಅದು ದಿನದಿನಕ್ಕೆ ಚಿಕ್ಕದಾಗುತ್ತ ಬಂತು. ಊಟ ಕೊಟ್ಟರೆ ಹಿಡಿದು ಹಿಡಿದು ಬಿಡುತ್ತಿತ್ತು. ಇನ್ನೊಂದು ವಾರ ನೋಡೋಣ, ನನಗೊಂದು ಉಪಾಯ ಗೊತ್ತು ಎಂದೆ. ಯಾರೂ ಆ ಉಪಾಯವೇನೆಂದು ಕೇಳಲಿಲ್ಲ. ಅವ್ವ ಗಾಜಿನ ಮೇಲೆ ಕೈಯಿಟ್ಟು, “ಸಾಕು ಬಾಯಿ. ತವರಿಗೆ ಕಳಸೂಣು” ಎಂದಳು. ಫಿಲೊಮೆನಾಬಾಯಿ ಕಣ್ಣೊರೆಸಿಕೊಂಡು “ವ್ಹಯ್”, ಹೌದು, ಎಂದರು.

ಮರುದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ನಾವು ಬೈನಾದ ಬಂಡೆಗಳ ಮೇಲಿದ್ದೆವು. ಕಲ್ಲಿನ ಸಮೇತ ಬಕೆಟ್ಟಿನಲ್ಲಿ ಅದನ್ನು ಹೊತ್ತವನು ನಾನು. “ಪಾಚಿ ಅದ, ಎಲ್ಲಾರೂ ಹುಷಾರು” ಎಂದು ಹಿಂದಿರುಗಿ ಎಚ್ಚರಿಸುತ್ತಿದ್ದಾಗಲೇ ಕಾಲು ಜಾರಿ ಸೊಂಟದವರೆಗೆ ನೀರಿನ ಹೊಂಡದಲ್ಲಿ ಕೂತೆ. ಅವ್ವ, ಫಿಲೊಮೆನಾಬಾಯಿ ಇಬ್ಬರೂ “ಅಯ್ಯೋ!” ಎಂದು ಒಟ್ಟಿಗೆ ಓಡಿಬಂದು ಹಿಡಿದದ್ದು ಬಕೆಟ್ಟನ್ನು.

ನೆರಳಿರುವ ಒಂದು ಬಂಡೆಯ ಸಂದಿನಲ್ಲಿ ಕಲ್ಲನ್ನು ಇಳಿಸಿದೆವು. ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ, ಉಡಿ ತುಂಬಬೇಕಲ್ಲ? ಅವ್ವ ಫಿಲೊಮೆನಾಬಾಯಿಯ ಬಟ್ಟಲಿಗೆ ಕೈ ಚಾಚಿದಳು. ಎರಡು ವರ್ಷದಲ್ಲಿ ಒಮ್ಮೆಯೂ ಮುಟ್ಟದಿದ್ದ ಸುಂಗಟದ ತುಣುಕನ್ನು ತನ್ನ ಬೆರಳುಗಳಿಂದಲೇ ಎತ್ತಿ, ಬಗ್ಗಿ, ಎಸಳುಗಳ ನಡುವೆ ಇಟ್ಟಳು. ಅದು ಹಿಡಿದುಕೊಂಡಿತು, ಬಿಡಲಿಲ್ಲ. ಅಷ್ಟರಲ್ಲಿ ತೆರೆಯೊಂದು ಒಳನುಗ್ಗಿ ಸಂದನ್ನು ತುಂಬಿತು.

ಖಾಲಿ ತೊಟ್ಟಿಯನ್ನು ಆ ಮಧ್ಯಾಹ್ನವೇ ಎತ್ತಿಡಲು ಹೊರಟಿದ್ದೆ. ನಾಲ್ಕು ಗಂಟೆಗೆ ಫಿಲೊಮೆನಾಬಾಯಿ ಎಂದಿನಂತೆ ಬಂದು, ಬರಿಗೈ ನೋಡಿಕೊಂಡು ಬಾಗಿಲಲ್ಲಿ ನಿಂತರು. ಅವ್ವ ಇನ್ನೊಂದು ಕುರ್ಚಿ ಎಳೆದು, ನನ್ನ ಕಡೆ ತಿರುಗಿ, “ನಿಂತ ಏನ್ ನೋಡ್ತಿ? ಇಬ್ಬರಿಗೂ ಚಾ ಮಾಡು” ಎಂದಳು. ಅವ್ವ ಇರುವವರೆಗೆ ಆ ಹೊತ್ತಿನ ಚಹಾ ತಪ್ಪಲಿಲ್ಲ.

ಗೋವೆಯಲ್ಲಿ ಎರಡು ವರ್ಷ ಸಮುದ್ರದ ಅನಿಮೊನಿ ಸಾಕಿದವನು ನಾನು ಎಂದು ಇಂದಿಗೂ ನೆಂಟರ ಮುಂದೆ ಹೇಳಿಕೊಳ್ಳುತ್ತೇನೆ. ಕೇಳಿದವರಿಗೆ ಅದರ ಲಕ್ಷಣ, ಊಟ, ನೀರಿನ ಹದ ಎಲ್ಲವನ್ನೂ ವಿವರಿಸುತ್ತೇನೆ. ಶಾಂತಾ ಎದುರಿಗೆ ಕೂತಿದ್ದರೆ ಮಾತ್ರ, ಅವಳು ಅವಲಕ್ಕಿಯ ಮಾತು ತೆಗೆಯುವ ಮೊದಲೇ, ಅದು ಅವ್ವ ಸಾಕಿದ ಒಂದು ಹೂವು ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ.