ಹಿಡಿಕೋಲನ್ನು ಬಿಡತಕ್ಕದ್ದಲ್ಲ

ನಮ್ಮ ಊರಿನ ಸಮುದ್ರದಲ್ಲಿ ಕೈಟ್‌ಬೋರ್ಡಿಂಗ್ ಆಡುವಾಗ ಇದುವರೆಗೆ ಯಾರೂ ಗಾಯಗೊಂಡಿಲ್ಲ ಎಂಬುದು ಅಧಿಕೃತ ಸಂಗತಿ. ಗಾಯಗೊಂಡವರೆಲ್ಲ ದಡದಲ್ಲೇ ಗಾಯಗೊಂಡಿದ್ದಾರೆ. ಅದೂ ಗಾಳಿಕ್ರೀಡಾ ಸುರಕ್ಷತಾ ಕೇಂದ್ರದ ಕಣ್ಣೆದುರಿಗೇ. ಹಾಗಾಗಿ ಅವರನ್ನು ಸುರಕ್ಷಿತವಾಗಿ ಗಾಯಗೊಂಡವರೆಂದು ಪರಿಗಣಿಸಲಾಗಿದೆ. ಸದರಿ ಕೇಂದ್ರದ ಕಚೇರಿ ಮೇಲ್ವಿಚಾರಕನಾದ್ದರಿಂದ ಇದನ್ನು ಹೇಳುವ ಅಧಿಕಾರ ನನಗಿದೆ.

ಗೊತ್ತಿಲ್ಲದವರಿಗೆ ಆಟದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಕಾಲ ಕೆಳಗೊಂದು ಹಲಗೆ, ತಲೆಯ ಮೇಲೆ ಮಂಚದಗಲದ ಗಾಳಿಪಟ, ಕೈಯಲ್ಲಿ ಆ ಪಟದ ದಾರಗಳಿಗೆ ಕಟ್ಟಿದ ಒಂದು ಹಿಡಿಕೋಲು. ಪಟ ಎಳೆಯುತ್ತದೆ, ನೀವು ನೀರಿನ ಮೇಲೆ ಜಾರುತ್ತೀರಿ. ಕೋಲನ್ನು ಎದೆಗೆ ಎಳೆದುಕೊಂಡಷ್ಟೂ ಪಟಕ್ಕೆ ಜೋರು. ಕೈ ಬಿಟ್ಟರೆ ಪಟದ ಸೊಕ್ಕಡಗಿ ಕೆಳಗೆ ಬೀಳುತ್ತದೆ.

ಕೇಂದ್ರ ಹುಟ್ಟುವ ಮೊದಲು ಇದನ್ನು ಇಬ್ಬರು ಕಲಿಸುತ್ತಿದ್ದರು. ಒಬ್ಬರು ಹಲ್ಲಿನ ಡಾಕ್ಟರಮ್ಮ, ಇನ್ನೊಬ್ಬ ಬೇಕರಿಯವನು. ಇಬ್ಬರೂ ವರ್ಷಗಟ್ಟಲೆ ಆಡಿದವರು, ಮಾತೆತ್ತಿದರೆ ಜಗಳ. ಆದರೆ ಹೊಸಬರ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಹಟ. ಮೊದಲು ಮರಳಿನ ಮೇಲೆ ಪುಟ್ಟ ಪಟ. ಆಮೇಲೆ ಹಲಗೆಯಿಲ್ಲದೆ ನೀರಿನಲ್ಲಿ ಎಳೆಸಿಕೊಳ್ಳುವುದು. ಕೊನೆಗೆ ಹಲಗೆ. ಗಾಳಿ ದಡದಿಂದ ಸಮುದ್ರದ ಕಡೆ ಬೀಸಿದರೆ ಅವತ್ತು ಪಾಠವಿಲ್ಲ, ಬೇಕರಿಗೆ ಹೋಗಿ ಬಿಸ್ಕತ್ತು ತಿನ್ನುವುದು.

"ಹೆದ್ರಿಕೆ ಆದ್ರೆ ಏನ್ ಮಾಡ್ತೀಯ?" ಎಂದು ಡಾಕ್ಟರಮ್ಮ ಕೇಳುತ್ತಿದ್ದರು.

"ಕೈ ಬಿಡ್ತೀನಿ."

"ಯಾರಾದ್ರೂ ಹಿಡ್ಕೋ ಅಂತ ಕೂಗಿದ್ರೆ?"

"ಆಗ್ಲೂ ಬಿಡ್ತೀನಿ."

ಹೀಗೆ ಉತ್ತರ ಕೊಡುತ್ತಿದ್ದವಳು ನನ್ನ ಅಕ್ಕನ ಮಗಳು. ಸಮುದ್ರದೆದುರಿನ ಔಷಧಿ ಅಂಗಡಿಯಲ್ಲಿ ಅವಳ ಕೆಲಸ. ಗಲ್ಲಾದ ಹಿಂದೆ ನಿಂತು ಜನರಿಗೆ ಕೆಮ್ಮಿನ ಔಷಧಿ ಕೊಡುತ್ತಾ, ಕಿಟಕಿಯಲ್ಲಿ ಹಾರುವ ಪಟಗಳನ್ನು ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದಳು. ಒಮ್ಮೆ ನೀರಿನ ಮೇಲೆ ಹಾಗೆ ಹೋಗಬೇಕು, ಅಷ್ಟೇ ಅವಳ ಆಸೆ. ಗಾಳಿಗಾಲ ಶುರುವಾದಾಗಿನಿಂದ ಬೆಳಗ್ಗೆ ಬೆಳಗ್ಗೆ ಮರಳಿನಲ್ಲಿ ಬಿದ್ದು ಎದ್ದು ಕಲಿತಳು. ಇನ್ನೇನು ನೀರಿಗಿಳಿಯಬೇಕು ಅನ್ನುವಾಗ ಕೇಂದ್ರ ಉದ್ಘಾಟನೆಯಾಯಿತು. ಕೇಂದ್ರದ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಮಾತ್ರ ಸಮುದ್ರಕ್ಕೆ ಇಳಿಯತಕ್ಕದ್ದು ಎಂದು ಆದೇಶವೂ ಬಂತು.

ನಮ್ಮ ನಿರ್ದೇಶಕರು ಅದಕ್ಕೆ ಮೊದಲು ಉಗ್ರಾಣ ವಿಭಾಗದಲ್ಲಿದ್ದವರು. ಅವರ ಕಾಲದಲ್ಲಿ ಅಲ್ಲಿಂದ ಒಂದು ಪೊರಕೆ ಕೂಡ ಕಳುವಾಗಿರಲಿಲ್ಲ. ಸುರಕ್ಷತೆ ಎಂದರೆ ವಸ್ತುಗಳ ಸುರಕ್ಷತೆ ಎಂದೇ ಅವರು ಇಡೀ ಸೇವೆಯಲ್ಲಿ ತಿಳಿದುಕೊಂಡು ಬಂದವರು. ಆದ್ದರಿಂದ ಬಂದ ದಿನವೇ ಕೇಂದ್ರದ ಮೊದಲ ನಿಯಮವನ್ನು ಗೋಡೆಗೆ ಬರೆಸಿದರು: "ಹಿಡಿಕೋಲು ಕೇಂದ್ರದ ಸ್ವತ್ತು. ಯಾವ ಕಾರಣಕ್ಕೂ ಅದನ್ನು ಬಿಡತಕ್ಕದ್ದಲ್ಲ."

ಡಾಕ್ಟರಮ್ಮ ಗೋಡೆ ನೋಡಿ ನಿರ್ದೇಶಕರ ಕೋಣೆಗೇ ನುಗ್ಗಿದರು.

"ಸರ್, ಇದು ಜೀವ ತೆಗಿಯೋ ನಿಯಮ. ಇಲ್ಲಿ ಬಿಡೋದನ್ನೇ ಮೊದ್ಲು ಕಲಿಸ್ಬೇಕು."

"ಡಾಕ್ಟ್ರೇ, ನೀವು ಎಷ್ಟು ಸಲ ಬಿದ್ದಿದ್ದೀರಿ?"

"ಲೆಕ್ಕ ಇಟ್ಟಿಲ್ಲ."

"ನಾನು ಒಂದು ಸಲಾನೂ ಬಿದ್ದಿಲ್ಲ. ಈಗ ಹೇಳಿ, ಸುರಕ್ಷತೆ ಯಾರಿಗೆ ಗೊತ್ತು?"

ನಿರ್ದೇಶಕರು ಸಮುದ್ರಕ್ಕೆ ಕಾಲಿಟ್ಟವರಲ್ಲ. ಹಾಗಾಗಿ ಅವರ ದಾಖಲೆ ನಿಷ್ಕಳಂಕವಾಗಿತ್ತು. ಡಾಕ್ಟರಮ್ಮನನ್ನೂ ಬೇಕರಿಯವನನ್ನೂ ಗೌರವ ಸಲಹೆಗಾರರನ್ನಾಗಿ ನೇಮಿಸಿ, ಸಲಹೆ ನೀಡದಂತೆ ಸೂಚಿಸಲಾಯಿತು. ಪಟಗಳನ್ನು ಗಾಳಿಯ ಜೋರು ನೋಡಿ ಆರಿಸುವ ಹಳೆಯ ಅವೈಜ್ಞಾನಿಕ ಪದ್ಧತಿಯನ್ನು ಕೈಬಿಟ್ಟು, ಹುದ್ದೆಗೆ ತಕ್ಕಂತೆ ಹಂಚಲಾಯಿತು. ಸಾರ್ವಜನಿಕರಿಗೆ ಪುಟ್ಟ ಪಟ, ಗುಮಾಸ್ತರಿಗೆ ಮಧ್ಯಮ, ನಿರ್ದೇಶಕರಿಗೆ ಉಗ್ರಾಣದಲ್ಲಿದ್ದ ಎಲ್ಲಕ್ಕಿಂತ ದೊಡ್ಡದು. ನನಗೂ ಒಂದು ಮಧ್ಯಮ ಬಂತು. ಅದು ಈಗ ನಮ್ಮ ಮನೆಯ ಸ್ಕೂಟರಿನ ಮೇಲೆ ಹೊದಿಕೆಯಾಗಿದೆ.

ಗಾಳಿಗಾಲ ಮುಗಿಯುತ್ತಾ ಬಂದಾಗ ಪರೀಕ್ಷೆ ಇಟ್ಟರು. ದಡದಲ್ಲಿ ಚಪ್ಪರ, ಕುರ್ಚಿ, ಧ್ವನಿವರ್ಧಕದ ಕಂಬ. "ಸಾರ್ವಜನಿಕರ ಗಮನಕ್ಕೆ," ಎಂದು ನಾನೇ ಘೋಷಿಸಿದೆ. "ನಿರ್ದೇಶಕರು ಆಗಮಿಸುವ ಮೊದಲು ಬೀಸಿದ ಗಾಳಿಯನ್ನು ಪರೀಕ್ಷೆಗೆ ಪರಿಗಣಿಸಲಾಗುವುದಿಲ್ಲ."

ನನ್ನ ಅಕ್ಕನ ಮಗಳು ಹೆಲ್ಮೆಟ್ ಹಾಕಿಕೊಂಡು ಮರಳಿಗಿಳಿದಳು. ಗಾಳಿ ಬರುವ ದಿಕ್ಕು ನೋಡಿದಳು, ಎದುರಿಗೆ ಜನ ಇಲ್ಲವೆಂದು ಖಚಿತಪಡಿಸಿಕೊಂಡಳು, ಪಟ ಎತ್ತಿ ಹಿಡಿದು ನಿಂತಿದ್ದ ಬೇಕರಿಯವನಿಗೆ ಹೆಬ್ಬೆರಳೆತ್ತಿ ತೋರಿಸಿದಳು. ಅವನು ಪಟ ಬಿಟ್ಟ. ಪಟ ಎದ್ದು ನಿಂತಿತು. ಚೆನ್ನಾಗಿಯೇ ಆಡಿಸಿದಳು. ಅಷ್ಟರಲ್ಲಿ ಇದ್ದಕ್ಕಿದ್ದಂತೆ ಗಾಳಿ ರಾಚಿತು, ಚಪ್ಪರ ಪಟಪಟ ಹೊಡೆದುಕೊಂಡಿತು.

"ಹಿಡ್ಕೋ!" ಎಂದು ನಿರ್ದೇಶಕರು ಕೂಗಿದರು.

ಅವಳು ಬಿಟ್ಟಳು. ಪಟ ತೆಪ್ಪಗೆ ಮರಳಿನ ಮೇಲೆ ಬಿತ್ತು. ಅವಳಿಗೆ ಒಂದು ಗೀರೂ ಆಗಲಿಲ್ಲ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಆದರೆ ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲವಾಗಿ "ಸ್ವತ್ತನ್ನು ಕೈಬಿಟ್ಟಿರುತ್ತಾರೆ, ಅನುತ್ತೀರ್ಣ" ಎಂದು ನಾನೇ ಬರೆದೆ.

"ಮಾಮ, ನೀನೇ?" ಎಂದಳು. ಅವಳ ಕಣ್ಣು ತುಂಬಿತ್ತು.

"ನಾನಲ್ಲ ಕಣೇ, ನಿಯಮ," ಎಂದೆ. ಹಾಗೆನ್ನುವಾಗ ನನಗೆ ನಾಚಿಕೆಯಾಯಿತು.

ಹಿಡಿಯುವುದು ಹೇಗೆಂದು ತೋರಿಸಲು ನಿರ್ದೇಶಕರೇ ಎದ್ದರು. ಹುದ್ದೆಗೆ ತಕ್ಕ ಪಟವನ್ನು ನಾಲ್ವರು ಜವಾನರು ಹೊತ್ತು ತಂದರು. ಡಾಕ್ಟರಮ್ಮ ಅಡ್ಡ ನಿಂತರು.

"ಸರ್, ಬೇಡ. ಈ ಗಾಳಿಗೆ ಈ ಪಟ ನಮಗೇ ಜಾಸ್ತಿ. ಪುಟ್ಟದು ತಗೊಳ್ಳಿ."

"ಪುಟ್ಟದು ಯಾರಿಗೆ?"

"ಹೊಸಬರಿಗೆ."

"ನಾನು ನಿರ್ದೇಶಕ," ಎಂದು ಅವರು ಸರಿಯಾಗಿಯೇ ಹೇಳಿದರು.

ಪಟ ಎದ್ದಿತು. ಅದರ ಜೊತೆಗೆ ನಿರ್ದೇಶಕರೂ ಎದ್ದರು. ಹೆದರಿ ಕೋಲನ್ನು ಎದೆಗವಚಿಕೊಂಡರು, ಪಟ ಇನ್ನೂ ಜೋರಾಯಿತು. ಮೊದಲ ಸಾಲಿನ ಕುರ್ಚಿಗಳ ಮೇಲೆ, ಆಮೇಲೆ ಚಪ್ಪರದ ಒಳಗೆ, ಆಮೇಲೆ ಚಪ್ಪರದ ಸಮೇತ ಹೊರಗೆ ಅವರ ಪ್ರಾತ್ಯಕ್ಷಿಕೆ ಮುಂದುವರಿಯಿತು.

"ಬಿಡಿ ಸರ್! ಕೈ ಬಿಡಿ!" ಎಂದು ಡಾಕ್ಟರಮ್ಮ, ಬೇಕರಿಯವನು, ಊರಿಗೂರೇ ಕೂಗಿತು.

"ಬಿಟ್ರೆ ಯಾರು ಜವಾಬ್ದಾರಿ?" ಎಂಬ ಉತ್ತರ ಮೇಲಿನಿಂದ ಬಂತು.

ಪಟ ಹೋಗಿ ಧ್ವನಿವರ್ಧಕದ ಕಂಬಕ್ಕೆ ಸಿಕ್ಕಿಕೊಂಡು ಒಂದು ಗಳಿಗೆ ಬಗ್ಗಿತು. ಆ ಗಳಿಗೆಯಲ್ಲಿ ನನ್ನ ಅಕ್ಕನ ಮಗಳು ಓಡಿಹೋಗಿ ಪಟದ ಅಂಚು ಹಿಡಿದು, ಬೋರಲು ಹಾಕಿ, ಮೇಲೆ ಮರಳು ಸುರಿದು ಕೂತುಬಿಟ್ಟಳು. ಎಲ್ಲ ಡಾಕ್ಟರಮ್ಮ ಕಲಿಸಿದ್ದೇ. ನಿರ್ದೇಶಕರು ಬದುಕಿಕೊಂಡರು. ಅನುತ್ತೀರ್ಣ ಅಭ್ಯರ್ಥಿಯು ಅನುಮತಿಯಿಲ್ಲದೆ ಉನ್ನತಾಧಿಕಾರಿಯ ಪಟ ಮುಟ್ಟಿದ್ದಕ್ಕೆ ಅವಳಿಗೆ ನೋಟಿಸ್ ಕೊಡಲಾಗಿದೆ.

ಆಸ್ಪತ್ರೆಯಲ್ಲಿ ನೋಡಿದರೆ ನಿರ್ದೇಶಕರ ಭುಜಗಳೆರಡೂ ಕಳಚಿದ್ದವು, ಬೆರಳುಗಳು ಹಿಡಿಕೋಲಿಗೆ ಕಚ್ಚಿಕೊಂಡೇ ಇದ್ದವು. ಕೋಲು ಕತ್ತರಿಸಿದರೆ ಸುಲಭ ಎಂದರು ಮೂಳೆ ವೈದ್ಯರು. ಕೇಂದ್ರದ ಸ್ವತ್ತನ್ನು ಕತ್ತರಿಸಲು ನಿರ್ದೇಶಕರ ಸಹಿ ಬೇಕು ಎಂದು ನಾನು ತಿಳಿಸಿದೆ. ನಿರ್ದೇಶಕರಿಗೆ ಸಹಿ ಹಾಕಲು ಕೈ ಬೇಕಿತ್ತು. ಕೊನೆಗೆ ವೈದ್ಯರು ನಿಟ್ಟುಸಿರು ಬಿಟ್ಟು ಕೋಲು ಸೇರಿಸಿಯೇ ಪ್ಲಾಸ್ಟರ್ ಹಾಕಿದರು.

ಈಗ ನಿರ್ದೇಶಕರು ಹಿಡಿಕೋಲಿನ ಸಮೇತ ಕಚೇರಿಗೆ ಬರುತ್ತಾರೆ. ಅಡ್ಡಡ್ಡ ನಡೆದರೆ ಬಾಗಿಲಲ್ಲಿ ತೂರುತ್ತದೆ. ಮೊದಮೊದಲು ಜವಾನರು ಮುಸಿಮುಸಿ ನಗುತ್ತಿದ್ದರು, ಈಗ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಕೊನೆಯವರೆಗೂ ಸ್ವತ್ತನ್ನು ಬಿಡದ್ದಕ್ಕಾಗಿ ಅವರಿಗೆ ಸುರಕ್ಷತಾ ಪದಕ ಬಂದಿದೆ, ಅದನ್ನು ಕೋಲಿಗೇ ನೇತುಹಾಕಿದ್ದಾರೆ. ಈ ವರ್ಷದ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಅವರೊಬ್ಬರೇ. ಅಂದರೆ ಸಮುದ್ರಕ್ಕೆ ಇಳಿಯುವ ಹಕ್ಕು ಸದ್ಯಕ್ಕೆ ಇರುವುದು ಅವರಿಗೆ ಮಾತ್ರ. ಚಹಾ ಕುಡಿಸುವುದು, ಮೂಗು ಕೆರೆಯುವುದು ನನ್ನ ಹೆಚ್ಚುವರಿ ಕರ್ತವ್ಯಗಳು.

ಮೊನ್ನೆ ಒಳ್ಳೆಯ ಗಾಳಿಯಿತ್ತು. ನಿರ್ದೇಶಕರ ಕಿಟಕಿಯಲ್ಲಿ ಸಮುದ್ರ ಪೂರ್ತಿ ಕಾಣುತ್ತದೆ. ದೂರದಲ್ಲಿ ಮೂರು ಪಟಗಳಿದ್ದವು. ಡಾಕ್ಟರಮ್ಮ ಒಂದು ಕಡೆ, ಬೇಕರಿಯವನು ಇನ್ನೊಂದು ಕಡೆ, ನಡುವೆ ಪುಟ್ಟ ಪಟದ ಕೆಳಗೆ ಒಬ್ಬಳು ಹುಡುಗಿ. ಎದ್ದಳು, ಬಿದ್ದಳು, ಕೈ ಬಿಟ್ಟಳು. ಮತ್ತೆ ಎದ್ದಳು. ಈ ಸಲ ಬೀಳಲಿಲ್ಲ. ಹೋದಳು, ಹೋಗುತ್ತಲೇ ಇದ್ದಳು.

"ಏನ್ರೀ, ಸಮುದ್ರದಲ್ಲಿ ಯಾರೋ ಇದ್ದಂಗಿದೆ?" ಎಂದರು ನಿರ್ದೇಶಕರು.

"ಉತ್ತೀರ್ಣರಾದವರು ನೀವೊಬ್ರೇ ಸರ್. ನೀವು ಇಲ್ಲೇ ಇದ್ದೀರಿ."

ಅವರು ಕೋಲಿನ ಸಮೇತ ಕಿಟಕಿಯಿಂದ ಈಚೆ ತಿರುಗಿದರು. "ಹಾಗಾದ್ರೆ ಅಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲ ಸರ್."

"ಒಳ್ಳೇದು. ಮೂಗು ಸ್ವಲ್ಪ ಎಡಕ್ಕೆ," ಎಂದರು. ನಾನು ಸಮುದ್ರದ ಕಡೆಗೆ ಒಮ್ಮೆ ಕೈ ಬೀಸಿ, ಅದೇ ಕೈಯಲ್ಲಿ ಅವರ ಮೂಗು ಕೆರೆದೆ.